ಅಧಿಕಾರಿಗೆ ಅಭಯ, ಪೇದೆಗೆ ಯಾರು ದಿಕ್ಕು?

ಶಾಸನಸಭೆಗಳಲ್ಲಿ ವರ್ಷವಿಡೀ ಹರಿಯುವ ಮಾತಿನ ಪ್ರವಾಹದಲ್ಲಿ ಬಹುಭಾಗವು ಅಂದಂದಿಗೇ ಇಂಗಿಹೋಗುವಂಥದು. ಆದರೆ ಎಲ್ಲಿಯೋ ಒಂದು ದಿನದ ಚರ್ಚೆಯು ಮಾತ್ರ ಆ ದಿನದೊಡನೆ ಮುಗಿಯುವದಿಲ್ಲ. ತಲೆಮಾರುಗಳವರೆಗೆ ಅದು ನಮ್ಮ ಬೆನ್ನುಹತ್ತಿ ಬರುತ್ತದೆ. 1949ನೆಯ ಇಸವಿಯ ಅಕ್ಟೋಬರ 10ನೆಯ ತಾರೀಖು ಅಂಥದೊಂದು ದಿನವಾಗಿದೆ. ಅಂದು ದಿಲ್ಲಿಯಲ್ಲಿ ಕೂಡಿದ್ದ ರಾಜ್ಯಘಟನಾಸಭೆಯ ಮುಂದೆ 283-ಎ ಎಂಬ ಕಲಮು ಚರ್ಚೆಗೆ ಬಂದಿತು. ಹಿಂದೆ ಬ್ರಿಟಿಶ ಭಾರತಮಂತ್ರಿಯಿಂದ ನೇಮಿಸಲ್ಪಟ್ಟು ಸ್ವತಂತ್ರ ಭಾರತದಲ್ಲಿಯೂ ಸೇವೆಯನ್ನು ಮುಂದುವರಿಸಿದ ಸಿವಿಲ ಮತ್ತು ಪೋಲೀಸ ಅಧಿಕಾರಿಗಳ ಸಂಬಳ, ರಜೆ, ನಿವೃತ್ತಿವೇತನ ಹಾಗೂ ಶಿಸ್ತಿನ ವಿಷಯದ ಹಕ್ಕುಗಳನ್ನು ಮೊದಲಿದ್ದಂತೆಯೇ ಕಾಯ್ದುಕೊಡುವೆವೆಂದು ರಾಜ್ಯಘಟನೆಯಲ್ಲಿಯೇ ವಚನ ಕೊಡುವ ಕಲಮು ಅದು.

ಇಂಥ ಕಲಮನ್ನು ಸಭೆಯು ಸುಮ್ಮನೆ ನುಂಗಿಕೊಳ್ಳುವದು ಸಾಧ್ಯವಿದ್ದಿಲ್ಲ. ಅಲ್ಲಿ ಕುಳಿತಿದ್ದವರಲ್ಲಿ ಸೆರೆಮನೆಯನ್ನು ಕಂಡುಬಂದವರು ಅನೇಕರು. ಅವರನ್ನು ಹಿಡಿಸಿದವರು, ಅವರ ಮೆರವಣಿಗೆಗಳ ಮೇಲೆ ಲಾಠಿ ಬೀಸಲು ಅಪ್ಪಣೆ ಕೊಟ್ಟವರು ಇದೇ ಅಧಿಕಾರವರ್ಗದವರೇ ಅಲ್ಲವೆ? ಪರರಾಜ್ಯದ ಚಾಕರಿ ಮಾಡಿದವರಿಗೆ ಸ್ವರಾಜ್ಯದ ಘಟನೆಯಲ್ಲಿ ವಿಶೇಷ ಅಭಯವೇಕೆ? ಬಡ ಪ್ರಜೆಗೆ ಇಲ್ಲದ ಖಾತರಿಯು ಸಾವಿರಾರು ರೂಪಾಯಿಗಳ ಸಂಬಳದಾರನಿಗೆ ಏಕೆ? ಸಭೆಯ ಹಿರಿಯ ಸದಸ್ಯರಾದ ಅನಂತಶಯನಂ ಅಯ್ಯಂಗಾರರೇ ಈ ಕಲಮನ್ನು ಕಟುವಾಗಿ ಟೀಕಿಸಿದರು. ಈ ಆಕ್ಷೇಪವನ್ನು ಕೇವಲ ಹಳೆಯ ಹಗೆಯೆಂದು ತಳ್ಳಿಹಾಕುವದು ಅನ್ಯಾಯವಾದೀತು. ಜನರ ಮನಸ್ಸಿನಲ್ಲಿ ಕುದಿಯುತ್ತಿದ್ದ ಪ್ರಶ್ನೆಯನ್ನೇ ಅವರು ಸಭೆಯ ಮುಂದಿಟ್ಟರು.

ಅದಕ್ಕೆ ಉತ್ತರ ಕೊಡಲು ಎದ್ದುನಿಂತವರು ಸರದಾರ ವಲ್ಲಭಭಾಯಿ ಪಟೇಲರು. ಎಪ್ಪತ್ತನಾಲ್ಕನೆಯ ವರ್ಷವು ತುಂಬುತ್ತ ಬಂದಿದ್ದಿತು. ದೇಹವು ಬೇನೆಯಿಂದ ಜರ್ಜರಿತವಾಗಿದ್ದಿತು. ಆದರೂ ಅಂದಿನ ಅವರ ಮಾತಿನಲ್ಲಿ ಮುಲಾಜು ಇದ್ದಿಲ್ಲ. ಅಧಿಕಾರವು ಹಸ್ತಾಂತರವಾಗುವಾಗ ಈ ಅಧಿಕಾರಿಗಳಿಗೆ ನಾವು ಮಾತು ಕೊಟ್ಟಿದ್ದೇವೆ. ಸಂಸ್ಥಾನಗಳು ಒಂದುಗೂಡುವಾಗಲೂ ದೇಶವಿಭಜನೆಯ ರಕ್ತಪಾತದ ದಿನಗಳಲ್ಲಿಯೂ ಇವರು ದೇಶನಿಷ್ಠೆಯಿಂದ ದುಡಿಯದೆ ಇದ್ದಿದ್ದರೆ ಒಕ್ಕೂಟವೇ ಕುಸಿದುಬೀಳುತ್ತಿದ್ದಿತು. ಇವರನ್ನು ಕಿತ್ತೊಗೆದರೆ ದೇಶದಲ್ಲಿ ಅರಾಜಕತೆಯ ಹೊರತು ಬೇರೇನೂ ಉಳಿಯದು ಎಂಬದು ಅವರ ವಾದದ ಸಾರಾಂಶ. ಕೊಟ್ಟ ಮಾತಿಗೆ ತಪ್ಪುವ ರಾಷ್ಟ್ರವನ್ನು ನಾಳೆ ಯಾರು ನಂಬುವರು ಎಂಬ ನ್ಯಾಯವೂ ಅದರಲ್ಲಿ ಅಡಗಿದ್ದಿತು.

ಆದರೆ ನಮ್ಮ ದೃಷ್ಟಿಯಲ್ಲಿ ಆ ಭಾಷಣದ ತಿರುಳು ಇದಾವುದೂ ಅಲ್ಲ. ತಮ್ಮ ಕಾರ್ಯದರ್ಶಿಯು ತಮ್ಮ ಅಭಿಪ್ರಾಯಕ್ಕೆ ತೀರ ವಿರುದ್ಧವಾದ ಟಿಪ್ಪಣಿಯನ್ನು ಬರೆಯಬಹುದು, ಆ ಸ್ವಾತಂತ್ರ್ಯವನ್ನು ತಾವೇ ಕೊಟ್ಟಿದ್ದೇವೆ ಎಂದು ಸರದಾರರು ಅಂದು ಸಭೆಗೆ ತಿಳಿಸಿದರು. ನಿಜವಾದ ಮಾತು ಇದೇ! ಮಂತ್ರಿಗೆ ಹಿಡಿಸದ ಮಾತನ್ನು ಮಂತ್ರಿಯ ಮುಂದೆಯೇ ಹೇಳಬಲ್ಲವನು ಅಧಿಕಾರಿ. ಹೇಳಲಾರದವನು ಕೇವಲ ಊಳಿಗದವನು. ಸಂಬಳ ಕಾಯ್ದುಕೊಡುವದು ಅಧಿಕಾರಿಯ ಹೊಟ್ಟೆಗೋಸ್ಕರವಲ್ಲ, ಅವನ ನಾಲಿಗೆಗೋಸ್ಕರ. ಹೀಗೆಂದು ತಿಳಿದುಕೊಂಡರೆ ಸರದಾರರ ವಾದವೂ ಟೀಕಾಕಾರರ ವಾದವೂ ಒಂದಕ್ಕೊಂದು ವಿರುದ್ಧವಲ್ಲ. ಅಭಯವು ಬೇಕು ಎಂದ ಸರದಾರರು ಸರಿ. ಮೇಲಿನವರಿಗೆ ಮಾತ್ರ ಏಕೆ ಎಂದು ಕೇಳಿದವರೂ ಸರಿ.

ಕಲಮು ಅಂಗೀಕೃತವಾಯಿತು. 1950ನೆಯ ಇಸವಿಯ ಜನೇವರಿ 26ರಂದು ಜಾರಿಗೆ ಬಂದ ಘಟನೆಯಲ್ಲಿ ಅದು 314ನೆಯ ಕಲಮಾಯಿತು. ಅಖಿಲಭಾರತ ಸೇವೆಗಳಾದ ಆಡಳಿತಸೇವೆ ಮತ್ತು ಪೋಲೀಸಸೇವೆಗಳಿಗೆ 312ನೆಯ ಕಲಮು ಆಧಾರವಾಯಿತು. ಸಿವಿಲ ಹುದ್ದೆಯಲ್ಲಿದ್ದವನನ್ನು ವಿಚಾರಣೆಯಿಲ್ಲದೆ, ಅವನ ಅಹವಾಲನ್ನು ಕೇಳದೆ ತೆಗೆದುಹಾಕಕೂಡದೆಂದು 311ನೆಯ ಕಲಮು ವಿಧಿಸಿತು. ಇಲ್ಲಿ ಒಂದು ಸಂಗತಿಯನ್ನು ವಾಚಕರು ಲಕ್ಷ್ಯದಲ್ಲಿಡಬೇಕು. 1935ನೆಯ ಇಸವಿಯ ಭಾರತಸರಕಾರದ ಕಾಯದೆಯಲ್ಲಿಯೂ ಇಂಥ ರಕ್ಷಣೆಯು ಇದ್ದಿತು. ಆದರೆ ಅದರ 243ನೆಯ ಕಲಮು ಕೆಳದರ್ಜೆಯ ಪೋಲೀಸರ ಸೇವಾನಿಯಮಗಳನ್ನು ಆಯಾ ಪೋಲೀಸ ಕಾಯದೆಗಳಿಗೇ ಒಪ್ಪಿಸಿಬಿಟ್ಟಿದ್ದಿತು. ಹೊಸ ಘಟನೆಯಲ್ಲಿ ಆ ಕಲಮಿಗೆ ಸ್ಥಳ ದೊರೆಯಲಿಲ್ಲ. ಪೇದೆಯ ಹೆಸರನ್ನು ಯಾರೂ ಎತ್ತಿ ಹೇಳದೆಯೇ, ಚಪ್ಪಾಳೆಯ ಸದ್ದಿಲ್ಲದೆಯೇ, ಪೇದೆಗೂ ಕಲೆಕ್ಟರನಿಗೂ 311ನೆಯ ಕಲಮಿನ ನೆರಳು ಸಮವಾಗಿ ದೊರೆಯಿತು. ಇದು ಸಣ್ಣ ಲಾಭವಲ್ಲ.

ಇನ್ನು ಆ ದೊಡ್ಡ ವಚನದ ಗತಿಯೇನಾಯಿತು? ಅಕ್ಟೋಬರ 10ರಂದು ಅಧಿಕಾರಿಗಳಿಗೆ ಅಭಯ ಕೊಟ್ಟ ಸಭೆಯು ಎರಡು ದಿನಗಳ ತರುವಾಯ ರಾಜಮಹಾರಾಜರ ರಾಜಧನಕ್ಕೂ ಅಭಯ ಕೊಟ್ಟಿದ್ದಿತು. 1971ರಲ್ಲಿ 26ನೆಯ ತಿದ್ದುಪಡಿಯು ರಾಜಧನವನ್ನು ರದ್ದುಮಾಡಿತು. 1972ರಲ್ಲಿ 28ನೆಯ ತಿದ್ದುಪಡಿಯು 314ನೆಯ ಕಲಮನ್ನು ತೆಗೆದುಹಾಕಿ, ಆ ಹಳೆಯ ಅಧಿಕಾರಿಗಳ ಸೇವಾನಿಯಮಗಳನ್ನು ಬದಲಿಸುವ ಅಧಿಕಾರವನ್ನು 312-ಎ ಕಲಮಿನ ಮೂಲಕ ಪಾರ್ಲಿಮೆಂಟಿಗೆ ಕೊಟ್ಟಿತು. ಸಮಾನತೆಯ ದೃಷ್ಟಿಯಿಂದ ಇದನ್ನು ಸಮರ್ಥಿಸಲು ಬಂದೀತು. ಆದರೆ ಘಟನೆಯಲ್ಲಿ ಬರೆದಿಟ್ಟ ಮಾತು ಕೂಡ ಕಲ್ಲಿನ ಮೇಲಿನ ಬರಹವಲ್ಲವೆಂಬದನ್ನು ಮಾತ್ರ ಇದರಿಂದ ನಾವು ಕಲಿಯಬೇಕು. ಕಾಗದದ ಅಭಯವು ಆಳುವವರ ಮನೋಧರ್ಮ ಇರುವವರೆಗೆ ಮಾತ್ರ ನಿಲ್ಲುತ್ತದೆ.

ಇದಕ್ಕಿಂತಲೂ ದೊಡ್ಡ ನ್ಯೂನತೆಯೊಂದು ಆ ದಿನದ ಕಲಮಿನಲ್ಲಿಯೇ ಇದ್ದಿತು. ಸಂಬಳ, ರಜೆ, ನಿವೃತ್ತಿವೇತನ, ಶಿಸ್ತು, ಇವೆಲ್ಲಕ್ಕೂ ಅದು ಕಾವಲು ಇಟ್ಟಿತು. ವರ್ಗಾವಣೆಗೆ ಮಾತ್ರ ಇಡಲಿಲ್ಲ. 311ನೆಯ ಕಲಮೂ ವಜಾ ಮಾಡುವದನ್ನು ತಡೆಯುತ್ತದೆಯೇ ಹೊರತು ಬದಲಿ ಮಾಡುವದನ್ನು ತಡೆಯುವದಿಲ್ಲ. ನೌಕರನನ್ನು ಬಗ್ಗಿಸಬೇಕಾದರೆ ಅವನನ್ನು ವಜಾ ಮಾಡುವ ಗೋಜಿಗೆ ಯಾರು ಹೋಗುತ್ತಾರೆ? ಒಂದು ಸಾಲಿನ ಹುಕುಮಿನಿಂದ ಅವನನ್ನು ಜಿಲ್ಲೆಯ ಈ ಮೂಲೆಯಿಂದ ಆ ಮೂಲೆಗೆ ಎಸೆದರಾಯಿತು. ಮಕ್ಕಳ ಶಾಲೆ, ಮುದಿ ತಾಯಿತಂದೆಗಳ ಔಷಧೋಪಚಾರ, ಬಾಡಿಗೆಯ ಮನೆ, ಎಲ್ಲವೂ ಒಂದೇ ಏಟಿಗೆ ಅಸ್ತವ್ಯಸ್ತ! ಯಾರ ಮೇಲೆ ಖಟ್ಲೆ ಹೂಡಬೇಕು, ಯಾರ ಹೆಸರನ್ನು ಬಿಡಬೇಕು ಎಂದು ಠಾಣೆಗೆ ಬರುವ ಬಾಯಿಮಾತಿನ ಅಪ್ಪಣೆಗೆ ಇಂಥ ಹುಕುಮಿನ ಭಯವೇ ಬಲ. ಅಪ್ಪಣೆ ಕೊಟ್ಟವನ ರುಜು ಎಲ್ಲಿಯೂ ಇರುವದಿಲ್ಲ. ಕೋರ್ಟಿನ ಕಟಕಟೆಯಲ್ಲಿ ನಿಂತು ಉತ್ತರ ಕೊಡಬೇಕಾದವನು ಮಾತ್ರ ಫೌಜದಾರ. ವಕೀಲಿವೃತ್ತಿಯವರಿಗೆ ಇದು ಹೊಸ ಸಂಗತಿಯಲ್ಲ.

ಪೋಲೀಸರನ್ನು ಆಳುವ ಮೂಲಕಾಯದೆಯು 1861ನೆಯ ಇಸವಿಯದು. 1857ರ ಬಂಡಾಯವು ಅಡಗಿದ ಬಳಿಕ, ಆಳುವವರ ಭದ್ರತೆಗಾಗಿ ಹುಟ್ಟಿದುದು. ಪ್ರಜೆಯ ರಕ್ಷಣೆಯು ಅದರ ಮೊದಲ ಗುರಿಯಾಗಿದ್ದಿಲ್ಲ. ತುರ್ತುಪರಿಸ್ಥಿತಿಯ ಕಹಿ ಅನುಭವದ ಬಳಿಕ, 1977ರಲ್ಲಿ ಕೇಂದ್ರಸರಕಾರವು ರಾಷ್ಟ್ರೀಯ ಪೋಲೀಸ ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷರಾದ ಧರ್ಮವೀರರು ಹಳೆಯ ಐ. ಸಿ. ಎಸ್. ಅಧಿಕಾರಿಗಳು, ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿಯೂ ಇದ್ದವರು. 1949ರಲ್ಲಿ ಯಾವ ವರ್ಗದ ನಾಲಿಗೆಗೆ ಸರದಾರರು ಅಭಯ ಬೇಡಿದರೋ ಅದೇ ವರ್ಗದವರೊಬ್ಬರು ಮುಂದೆ ಪೇದೆಯ ಪರವಾಗಿಯೂ ಪ್ರಜೆಯ ಪರವಾಗಿಯೂ ಸರಕಾರಕ್ಕೆ ಹಿಡಿಸದ ಮಾತುಗಳನ್ನು ಬರೆದುಕೊಟ್ಟರು! ಸರದಾರರ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ? 1981ರ ವರೆಗೆ ಆಯೋಗವು ಎಂಟು ವರದಿಗಳನ್ನು ಕೊಟ್ಟಿತು. ಅವು ಕಪಾಟು ಸೇರಿದವು. ಕೊನೆಗೆ 1996ರಲ್ಲಿ ನಿವೃತ್ತ ಪೋಲೀಸ ಅಧಿಕಾರಿ ಪ್ರಕಾಶಸಿಂಗರು ಸುಪ್ರೀಮ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. 2006ರ ಸೆಪ್ಟೆಂಬರ 22ರಂದು ಕೋರ್ಟು ಏಳು ನಿರ್ದೇಶಗಳನ್ನು ಕೊಟ್ಟಿತು. ಮುಖ್ಯ ಅಧಿಕಾರಿಗಳಿಗೂ ಠಾಣಾಧಿಕಾರಿಗೂ ಕನಿಷ್ಠ ಎರಡು ವರ್ಷಗಳ ಅವಧಿ, ವರ್ಗಾವಣೆಗಳಿಗೆ ಒಂದು ಮಂಡಳಿ, ಪೋಲೀಸರ ಮೇಲಿನ ದೂರುಗಳಿಗೆ ಒಂದು ಪ್ರಾಧಿಕಾರ, ತನಿಖೆಯನ್ನು ಬಂದೋಬಸ್ತಿನ ಕೆಲಸದಿಂದ ಬೇರ್ಪಡಿಸುವದು ಇವು ಅವುಗಳಲ್ಲಿ ಮುಖ್ಯವಾದವು. 2013ರ ಅಕ್ಟೋಬರ 31ರಂದು ಬೇರೊಂದು ಖಟ್ಲೆಯಲ್ಲಿ ಅದೇ ಕೋರ್ಟು, ಅಧಿಕಾರಿಗಳು ಬಾಯಿಮಾತಿನ ಅಪ್ಪಣೆಗಳ ಮೇಲೆ ನಡೆಯದೆ ಅವುಗಳನ್ನು ಬರಹದಲ್ಲಿ ದಾಖಲಿಸಬೇಕೆಂದು ಹೇಳಿತು. ಅಂದು ಸರದಾರರ ಹುಟ್ಟುಹಬ್ಬದ ದಿನ! ಅವರು ತಾವಾಗಿಯೇ ಕೊಟ್ಟಿದ್ದ ಸ್ವಾತಂತ್ರ್ಯವನ್ನು ಅರುವತ್ತನಾಲ್ಕು ವರ್ಷಗಳ ಮೇಲೆ ನ್ಯಾಯಾಲಯವು ಹುಕುಮಿನಿಂದ ಕೊಡಿಸಬೇಕಾಯಿತು.

ಅಧಿಕಾರಿಯ ಮಾತು ಇಷ್ಟಾಯಿತು. ಇನ್ನು ಹಣದ ಮಾತು. ಘಟನೆಯ ಏಳನೆಯ ಪರಿಶಿಷ್ಟದಲ್ಲಿ ಪೋಲೀಸ ಖಾತೆಯು ರಾಜ್ಯಗಳ ಪಟ್ಟಿಗೆ ಸೇರಿದೆ. ಅದರ ಭಾರವನ್ನು ರಾಜ್ಯದ ಬೊಕ್ಕಸವೇ ಹೊರಬೇಕು. 1969-70ರಿಂದ ಆಧುನೀಕರಣದ ಹೆಸರಿನಲ್ಲಿ ಕೇಂದ್ರವು ಸಹಾಯಧನ ಕೊಡುತ್ತ ಬಂದಿದೆ. ಆದರೆ ವಾಹನವನ್ನೂ ಶಸ್ತ್ರವನ್ನೂ ಕೊಂಡರೆ ಮನುಷ್ಯನ ಕೊರತೆ ತುಂಬೀತೆ? ಕೇಂದ್ರದ ಪೋಲೀಸ ಸಂಶೋಧನಾ ಸಂಸ್ಥೆಯ ಲೆಕ್ಕದ ಪ್ರಕಾರ 2020ರ ಜನೇವರಿ 1ರಂದು ಎಲ್ಲ ರಾಜ್ಯಗಳಲ್ಲಿ ಮಂಜೂರಾದ ಪೋಲೀಸ ಹುದ್ದೆಗಳು ಸುಮಾರು 26 ಲಕ್ಷ 23 ಸಾವಿರ. ಅವುಗಳಲ್ಲಿ 5 ಲಕ್ಷ 31 ಸಾವಿರಕ್ಕೂ ಹೆಚ್ಚು ಖಾಲಿ. ಲಕ್ಷ ಜನಕ್ಕೆ 195 ಪೋಲೀಸರು ಬೇಕೆಂದು ಸರಕಾರಗಳೇ ನಿಶ್ಚಯಿಸಿದ್ದರೆ, ಕೆಲಸದಲ್ಲಿದ್ದವರು 155. ಐದು ಜನರ ಕೆಲಸವನ್ನು ನಾಲ್ವರು ಮಾಡಬೇಕು. ಜಾತ್ರೆಗೆ ಇವರೇ, ಚುನಾವಣೆಗೆ ಇವರೇ, ಮಂತ್ರಿಗಳ ಮೋಟಾರಿನ ಹಿಂದೆಮುಂದೆ ಓಡುವದಕ್ಕೂ ಇವರೇ. ಹೀಗಿರಲು ಬಡವನ ಮನೆಯ ಕಳವಿನ ತನಿಖೆಗೆ ಯಾರು ಉಳಿದರು?

ಈ ಪೇದೆಯು ಬಾಯಿಬಿಟ್ಟು ಹೇಳಿಕೊಳ್ಳಲೂ ಬಾರದು. ಘಟನೆಯ 33ನೆಯ ಕಲಮಿನ ಮೇರೆಗೆ 1966ರಲ್ಲಿ ಆದ ಕಾಯದೆಯು ಪೋಲೀಸರ ಸಂಘಸ್ವಾತಂತ್ರ್ಯಕ್ಕೆ ಮಿತಿಗಳನ್ನು ಹಾಕಿದೆ. ಶಸ್ತ್ರ ಹಿಡಿದವರಿಗೆ ಶಿಸ್ತು ಬೇಕೆಂಬದನ್ನು ನಾವು ಒಪ್ಪುತ್ತೇವೆ. ಆದರೆ ಬಾಯಿ ಕಟ್ಟಿದವರು ಕಿವಿಯನ್ನಾದರೂ ತೆರೆದಿಡಬೇಡವೆ? 2016ರಲ್ಲಿ ನಮ್ಮ ಕರ್ನಾಟಕದ ಪೇದೆಗಳು ವಾರದ ರಜೆಗಾಗಿ, ಮರ್ಯಾದೆಯ ಸಂಬಳಕ್ಕಾಗಿ ಜೂನ 4ರಂದು ಒಟ್ಟಾಗಿ ರಜೆ ಹಾಕುವೆವೆಂದು ಸಾರಿದರು. ಸರಕಾರವು ಕಠಿಣಕ್ರಮದ ಎಚ್ಚರಿಕೆ ಕೊಟ್ಟಿತು. ಅಂದು ಪೇದೆಗಳು ಕೆಲಸಕ್ಕೆ ಬಂದರು. ಆದರೆ ಅವರ ಸಂಬಳದ ವಿಚಾರಕ್ಕೆ ಸಮಿತಿಯು ನೇಮಕವಾದುದೂ ಮುಂದೆ ಸಂಬಳವು ಕೆಲಮಟ್ಟಿಗೆ ಏರಿದುದೂ ಆ ಕೂಗಿನ ತರುವಾಯವೇ. ಕೂಗದ ಹೊರತು ಕೇಳದ ಆಡಳಿತವನ್ನು ಸುರಾಜ್ಯವೆನ್ನಬಹುದೆ?

ಕನ್ನಡಿಗರಿಗೆ ಈ ಪ್ರಶ್ನೆಯಲ್ಲಿ ಇನ್ನೊಂದು ಮುಖವೂ ಉಂಟು. 1949ರಲ್ಲಿ ಆ ಚರ್ಚೆ ನಡೆದಾಗ ಕನ್ನಡನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದಿತು. ಒಂದೇ ಭಾಷೆಯ ಜನಕ್ಕೆ ಬೇರೆ ಬೇರೆ ಪೋಲೀಸ ಕಾಯದೆಗಳು. ನಿಜಾಮನ ಆಳಿಕೆಯಲ್ಲಿ ಸರಕಾರಿ ಭಾಷೆಯು ಉರ್ದು. ಬೀದರ, ಕಲಬುರ್ಗಿ, ರಾಯಚೂರು ಸೀಮೆಯ ಒಕ್ಕಲಿಗನು ಕನ್ನಡದಲ್ಲಿ ಅತ್ತರೆ ದಫ್ತರಿನಲ್ಲಿ ಅದು ಪರಭಾಷೆಯಾಗಿ ಇಳಿಯುತ್ತಿದ್ದಿತು. ರಜಾಕಾರರ ಹಾವಳಿಯ ದಿನಗಳಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದುದನ್ನು ಆ ಜನರು ಕಣ್ಣಾರೆ ಕಂಡರು. 1948ರ ಸೆಪ್ಟೆಂಬರದ ಕಾರ್ಯಾಚರಣೆಯಿಂದ ಆ ದುಃಖವು ಕೊನೆಗಂಡಿತು. 1956ರ ನವಂಬರ 1ರಂದು ನಾಡು ಒಂದಾಯಿತು. 1963ರ ಕಾಯದೆಯಿಂದ ನಾಡಿಗೆಲ್ಲ ಒಂದೇ ಪೋಲೀಸ ಶಾಸನವಾಯಿತು. ಅಖಿಲಭಾರತ ಸೇವೆಯು ದೇಶವನ್ನು ಕೂಡಿಸಿಡುವ ಕಬ್ಬಿಣದ ಕಟ್ಟೆಂಬ ಸರದಾರರ ಮಾತು ನಮಗೂ ಸಮ್ಮತವೇ. ಆದರೆ ಆ ಕಟ್ಟು ಜನರ ಎದೆಗೆ ಒತ್ತದಿರಬೇಕಾದರೆ ಅಧಿಕಾರಿಗೆ ಜನರ ನುಡಿಯು ಬರಬೇಕು. ಫಿರ್ಯಾದಿಯ ಮಾತನ್ನು ದುಭಾಷಿಯ ಬಾಯಿಂದ ಕೇಳುವವನಿಗೆ ಅರ್ಧ ನ್ಯಾಯವಷ್ಟೇ ಕೇಳಿಸೀತು.

ಆದುದರಿಂದ ನಮ್ಮ ಶಾಸಕರಲ್ಲಿ ನಾವು ಕೇಳಿಕೊಳ್ಳುವದು ಇಷ್ಟು. ಪ್ರತಿವರ್ಷವೂ ಪೋಲೀಸ ಖಾತೆಯ ಬೇಡಿಕೆಯು ಸಭೆಯ ಮುಂದೆ ಬಂದಾಗ ಕೋಟಿಗಳ ಲೆಕ್ಕದಲ್ಲಿ ತೃಪ್ತರಾಗಬೇಡಿರಿ. ಎಷ್ಟು ಹುದ್ದೆಗಳು ಖಾಲಿ, ಎಷ್ಟು ಠಾಣಾಧಿಕಾರಿಗಳು ಎರಡು ವರ್ಷ ಪೂರೈಸುವ ಮೊದಲೇ ಬದಲಿಯಾದರು, ಯಾವ ಕಾರಣದಿಂದ, ಯಾರ ಶಿಫಾರಸಿನಿಂದ ಎಂದು ಹೆಸರು ಹಿಡಿದು ಕೇಳಿರಿ. 2012ರಲ್ಲಿ ನಮ್ಮ ಪೋಲೀಸ ಕಾಯದೆಯನ್ನು ತಿದ್ದಿ ಮಂಡಳಿ, ಪ್ರಾಧಿಕಾರಗಳನ್ನು ನಿರ್ಮಿಸಲಾಗಿದೆ; ಅವು ಎಷ್ಟು ಸಲ ಕೂಡಿದವು, ಎಷ್ಟು ದೂರುಗಳನ್ನು ತೀರ್ಮಾನಿಸಿದವು ಎಂಬ ವರದಿಯನ್ನು ಸಭೆಯ ಮೇಜಿನ ಮೇಲೆ ಇಡಿಸಿರಿ. ತನಿಖೆಗೆ ಬೇರೆ ಸಿಬ್ಬಂದಿಯನ್ನು ಕೊಡಿಸಿರಿ. ಪೇದೆಗೆ ವಾರಕ್ಕೊಂದು ದಿನದ ವಿಶ್ರಾಂತಿಯನ್ನು ದಯೆಯೆಂದಲ್ಲ, ಹಕ್ಕೆಂದು ಕೊಡಿಸಿರಿ.

ಎಲ್ಲಕ್ಕೂ ಮಿಗಿಲಾಗಿ, ಶಾಸಕರೇ ತಮ್ಮ ಕೈಗಳನ್ನು ಒಮ್ಮೆ ನೋಡಿಕೊಳ್ಳಲಿ. ತನಗೆ ಬೇಕಾದ ಫೌಜದಾರನನ್ನು ತನ್ನ ತಾಲೂಕಿಗೆ ತರಿಸಿಕೊಳ್ಳುವ ಶಿಫಾರಸು-ಪತ್ರಕ್ಕೆ ರುಜು ಮಾಡುವ ಕೈಯೂ, ಪೋಲೀಸ ಸುಧಾರಣೆಯ ಗೊತ್ತುವಳಿಗೆ ಎತ್ತುವ ಕೈಯೂ ಒಂದೇ ಆಗಿರುವವರೆಗೆ ಯಾವ ಆಯೋಗದ ವರದಿಯೂ ಯಾವ ಕೋರ್ಟಿನ ನಿರ್ದೇಶವೂ ಫಲ ಕೊಡಲಾರದು. ಮತ ಕೇಳಲು ಮನೆಬಾಗಿಲಿಗೆ ಬಂದವರನ್ನು ನಾಡಿನ ಮತದಾರರು ಈ ಒಂದು ಪ್ರಶ್ನೆಯನ್ನು ಕೇಳಲಿ: ನಮ್ಮ ಠಾಣೆಯವನು ಕಾಯದೆಗೆ ಅಂಜಬೇಕೋ, ನಿಮಗೆ ಅಂಜಬೇಕೋ? ಉತ್ತರವನ್ನು ಪಡೆದುಕೊಂಡ ಮೇಲೆಯೇ ಮತ ಕೊಡಲಿ.