ರಾಬಿನ್‌ಗೊಂದು ನ್ಯಾಯ, ರೆನ್‌ಗೊಂದು ನ್ಯಾಯ

ಹೋದ ಡಿಸೆಂಬರದಾಗ ಒಂದಿನ ಮುಂಜಾನೆ ಡಬ್ಲಿನ್ನಿನ ನಮ್ಮ ಅಡಿಗಿಮನಿಯೊಳಗ ರಾಬಿನ್ ಹಕ್ಕಿ ಹೊಕ್ಕಿತ್ತು. ಕೆಂಪು ಎದಿ, ಗುಬ್ಬಿಗಿಂತಾ ಸಣ್ಣದು. ಚಾ ಕುದಿಯೋದು ಬಿಟ್ಟು ನೋಡಕೋತ ನಿಂತೆ. ಬಾಜೂಮನಿ ಅಜ್ಜಿಗೆ ಖುಷಿಲೆ ಹೇಳಿದ್ರ ಅವರ ಮಾರಿ ಸಪ್ಪಗಾತು. ರಾಬಿನ್ ಮನಿಯೊಳಗ ಬಂದ್ರ ಸಾವಿನ ಸುದ್ದಿ ಬರ್ತದ ಅಂತ ಇಲ್ಲಿ ಹಳೇ ನಂಬಿಕಿ. ಊರಾಗ ನಮ್ಮತ್ತಿ ದವಾಖಾನ್ಯಾಗಿದ್ರು. ನನ್ನ ಎದಿ ಧಸಕ್ಕಂತು.

ಹಂಗಂತ ಐರ್ಲೆಂಡಿನವರು ರಾಬಿನ್ನಿಗೆ ಕಲ್ಲು ಹೊಡಿಯಂಗಿಲ್ಲ. ಯೇಸುವಿಗೆ ಚುಚ್ಚಿದ ಮುಳ್ಳು ಕೀಳಲಿಕ್ಕೆ ಹೋಗಿ, ರಕ್ತ ತಾಗಿ ಅದರ ಎದಿ ಕೆಂಪಾತು ಅಂತ ಕಥಿ. ಅದನ್ನ ಕೊಂದವರ ಬಲಗೈಗೆ ಗಡ್ಡಿ ಏಳ್ತದ ಅಂತ ಹುಡುಗರನ್ನ ಅಂಜಸ್ತಿದ್ರು.

ಅದಕ್ಕಿಂತಾ ಪುಟ್ಟ ರೆನ್ ಹಕ್ಕಿ ಹಣೇಬರಹ ನೋಡ್ರಿ. ಹದ್ದಿನ ಪುಕ್ಕದಾಗ ಅಡಗಿ ಕೂತು, ಹದ್ದು ದಣದ ಮ್ಯಾಲೆ ಇನ್ನೊಂಚೂರು ಎತ್ತರಕ್ಕ ಹಾರಿ ಪಕ್ಷಿಗಳ ರಾಜ ಆತು ಅಂತ ಹೊಗಳಿದ ಬಾಯಿನೇ ಅದಕ್ಕ ಚಾಡಿಕೋರ ಅಂತನೂ ಅಂತು. ಅಡಗಿದ್ದ ಸಂತ ಸ್ಟೀಫನ್ನನ್ನು ಹಿಡಿಸಿಕೊಟ್ಟದ್ದು ಇದಂತ. ಡೋಲಿನ ಮ್ಯಾಲೆ ಕೊಕ್ಕು ಕುಟ್ಟಿ ಮಲಗಿದ್ದ ವೈರಿಗಳನ್ನು ಎಬ್ಬಿಸಿದ್ದೂ ಇದಂತ. ಆ ತಪ್ಪಿಗೆ ಡಿಸೆಂಬರ್ 26ಕ್ಕ, ಸಂತ ಸ್ಟೀಫನ್ನನ ದಿನ, ಹುಡುಗರು ಅದನ್ನ ಬೇಲಿ ಬೇಲಿ ಅಟ್ಟಿ ಕೊಂದು, ಹಸಿರು ಕೊಂಬಿಗೆ ಕಟ್ಟಿ, ಮನಿಮನಿ ಮುಂದ ಹಾಡಿ ರೊಕ್ಕ ಬೇಡ್ತಿದ್ರು. ಸುಮಾರು 10 ಗ್ರಾಂ ತೂಗೋ ಜೀವ ಅದು!

ನನಗನಸೋದು ಇಷ್ಟ. ನಂಬಿಕಿ ಖರೇನೋ ಸುಳ್ಳೋ ಅಂತ ವಾದ ಮಾಡೋದಕಿಂತ, ಅದು ನಮ್ಮ ಕೈಲೆ ಏನು ಮಾಡಸ್ತದ ಅನ್ನೋದನ್ನ ನೋಡಬೇಕು. ಗಡ್ಡಿ ಏಳೋದು ಸುಳ್ಳು. ಆದ್ರ ಅದು ಕಲ್ಲು ಕೆಳಗಿಡಿಸ್ತು. ಚಾಡಿ ಕಥೀನೂ ಸುಳ್ಳು. ಅದು ಕಲ್ಲು ಎತ್ತಿಸ್ತು. ಎರಡನ್ನೂ 'ಮೂಢನಂಬಿಕಿ' ಅಂತ ಒಂದೇ ಬುಟ್ಟಿಗೆ ಹಾಕಲಿಕ್ಕೆ ನಾ ಒಲ್ಲೆ.

ಹಂಗಾದ್ರ ಹಿರಿಯರ ಹಬ್ಬ ಬಿಡಬೇಕೇನು? ಬ್ಯಾಡ. ಕೆರ್ರಿ ಸೀಮಿಯ ಡಿಂಗಲ್ ಊರಾಗ ಇವತ್ತಿಗೂ ಆ ದಿನ ಹುಲ್ಲಿನ ವೇಷ ಕಟ್ಟಿ, ಡೋಲು ಕೊಳಲು ಬಾರಿಸಿ ಓಣಿ ತುಂಬ ಕುಣೀತಾರ. ಹಕ್ಕಿ ಮಾತ್ರ ಕೊಲ್ಲಂಗಿಲ್ಲ. ಅದರಿಂದ ಹಬ್ಬದ ಗದ್ದಲಕ್ಕೇನೂ ಕಡಿಮಿ ಆಗಿಲ್ಲ.

ಅವತ್ತು ಸಂಜೀಕ ಅತ್ತಿಗೆ ಫೋನ್ ಹಚ್ಚಿದೆ. ಅಪಶಕುನದ ಮಾತು ನುಂಗಿ, ಹಕ್ಕಿ ಬಂದದ್ದಷ್ಟ ಹೇಳಿದೆ. ಕಾಗಿ ಬಡದ್ರ ತಲಿಮ್ಯಾಲೆ ನೀರು ಹಾಕ್ಕೊಳ್ಳೋ ನಮ್ಮತ್ತಿ, "ಪಾಪ, ಥಂಡಿಗೆ ಬಂದಿದ್ದೀತು. ನಾಕು ಅಗಳು ಹಾಕಿದ್ಯೋ ಇಲ್ಲೋ?" ಅಂದ್ರು.

ಹಾಕಿರಲಿಲ್ಲ. ಈಗ ದಿನಾ ಹಾಕ್ತೀನಿ. ಅತ್ತಿ ಮನಿಗೆ ಬಂದಾರ.