ತಾರಸಿ ಅಳೆದು ಪ್ಯಾನೆಲ್ ಕೊಳ್ಳಿ



ಮನೆಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿ ಕರೆಂಟ್ ಮಾಡಿಕೊಳ್ಳುವ ಮಾತು ಈಗ ಶಿವನಿ ಸುತ್ತಿನ ಹಳ್ಳಿಗಳಲ್ಲೂ ಕೇಳಿಬರುತ್ತಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಅದಕ್ಕಿಂತ ಹೆಚ್ಚಿಗೆ 78 ಸಾವಿರ ರೂಪಾಯಿ ಸಹಾಯಧನ ಗೊತ್ತುಮಾಡಲಾಯಿತು. ಇದನ್ನು ಕೇಳಿ ‘ಮೂರೇ ಹಾಕಿಸಿಬಿಡೋಣ’ ಎನ್ನುವವರುಂಟು. ನನ್ನ ಅಭಿಪ್ರಾಯ ಬೇರೆ. ಸಹಾಯಧನ ನೋಡಿ ಪ್ಯಾನೆಲ್ ಆರಿಸಬೇಡಿ. ಕರೆಂಟ್ ಬಿಲ್ಲು ನೋಡಿ, ತಾರಸಿ ನೋಡಿ ಆರಿಸಿ.

ಪಾವಗಡದ ಸೋಲಾರ್ ಪಾರ್ಕಿಗೆ ಸುಮಾರು 13 ಸಾವಿರ ಎಕರೆ ಜಮೀನಿದೆ. ನಮ್ಮ ತಾರಸಿಯ ಸಂಗತಿ ಹಾಗಲ್ಲ. ನೀರಿನ ಟ್ಯಾಂಕ್ ಅಲ್ಲೇ, ರಾಗಿ, ಮೆಣಸಿನಕಾಯಿ ಒಣಗುವುದೂ ಅಲ್ಲೇ, ಬೇಯಿಸಿದ ಅಡಿಕೆ ಹರಡುವುದೂ ಅಲ್ಲೇ. ತಾರಸಿ ನಮಗೆ ಎರಡನೆಯ ಕಣ. ಅದನ್ನು ಪೂರ್ತಿ ಮುಚ್ಚಿದರೆ ಸುಗ್ಗಿಯಲ್ಲಿ ಪರದಾಡುವವರು ಮನೆಯ ಹೆಣ್ಣುಮಕ್ಕಳು.

ಮೊದಲು ಅಗತ್ಯದ ಲೆಕ್ಕ. 1 ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ಅಂದರೆ ತಿಂಗಳಿಗೆ 120 ಯೂನಿಟ್ ಬರುತ್ತದೆ. ತಿಂಗಳಿಗೆ 100 ಯೂನಿಟ್ ಸುಡುವ ಮನೆಗೆ 3 ಕಿಲೋವ್ಯಾಟ್ ಏಕೆ? ಗೃಹಜ್ಯೋತಿಯಿಂದ ಬಿಲ್ಲೇ ಸೊನ್ನೆ ಬರುತ್ತಿರುವವರು ಸಾಲ ಮಾಡುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು.

ಎರಡನೆಯದು ಅಳತೆ. ಹೆಚ್ಚು ವ್ಯಾಟಿನ ಪ್ಯಾನೆಲ್ಲೇ ಯಾವಾಗಲೂ ಮೇಲು ಎಂಬುದು ತಪ್ಪು ತಿಳಿವಳಿಕೆ. 540 ವ್ಯಾಟಿನ ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ. 335 ವ್ಯಾಟಿನದು ಆರೂವರೆ ಅಡಿ ಉದ್ದ, ಮೂರೂಕಾಲು ಅಡಿ ಅಗಲ. ಚದರ ಅಡಿಗೆ ಲೆಕ್ಕ ಹಾಕಿದರೆ ಮೊದಲನೆಯದು 19 ವ್ಯಾಟ್, ಎರಡನೆಯದು 16 ವ್ಯಾಟ್. ಕಾಗದದ ಮೇಲೆ ದೊಡ್ಡದೇ ಗೆದ್ದಿತು. ಆದರೆ ಓಡಾಡುವ ದಾರಿ ಬಿಟ್ಟು ನಿಮ್ಮಲ್ಲಿ ಉಳಿದ ಜಾಗ 14 ಅಡಿಗೆ 10 ಅಡಿ ಎಂದುಕೊಳ್ಳಿ. ಅಲ್ಲಿ ದೊಡ್ಡವು ಮೂರೇ ಕೂರುತ್ತವೆ: 1620 ವ್ಯಾಟ್. ಚಿಕ್ಕವನ್ನು ಅಡ್ಡಲಾಗಿ ಇಟ್ಟರೆ ಆರು ಕೂರುತ್ತವೆ: 2010 ವ್ಯಾಟ್. ಜಾಗದ ಆಕಾರ ಬೇರೆಯಾದರೆ ಈ ಲೆಕ್ಕ ತಿರುಗುಮುರುಗಾಗಬಹುದು. ಆದ್ದರಿಂದ ತಾರಸಿಯ ಮೇಲೆ ಸುಣ್ಣದ ಗೆರೆ ಎಳೆದು, ಎರಡೂ ಬಗೆಯ ಅಳತೆ ಕೂರಿಸಿ ನೋಡಿ. ಜಾಗ ಧಾರಾಳವಾಗಿದ್ದವರು ಚದರ ಅಡಿಯ ವ್ಯಾಟಿಗಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಮೂರನೆಯದು ನೆರಳು. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಬೇಸಿಗೆಯಲ್ಲಿ ನೋಡಿ ಮೋಸ ಹೋಗಬೇಡಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ತಾರಸಿಗಿಂತ 20 ಅಡಿ ಎತ್ತರದ ಮರದ ನೆರಳು ನಡುಮಧ್ಯಾಹ್ನವೂ 15 ಅಡಿ ಉತ್ತರಕ್ಕೆ ಚಾಚುತ್ತದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ನಮ್ಮ ಭಾಗಕ್ಕೆ 4 ಅಡಿಗೆ 1 ಅಡಿ ಏರಿಕೆ ಸಾಕು. ಗಾಳಿಯಾಡಲು ಅಡಿಯಲ್ಲಿ ಸಂದು ಬಿಡಿಸಿ. ಕಾದಷ್ಟೂ ಪ್ಯಾನೆಲ್ಲಿನ ಶಕ್ತಿ ಇಳಿಯುತ್ತದೆ.

ಇನ್ನೊಂದು ಮಾತು. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸುವ ಸೋಲಾರ್, ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಲೈನಿನ ಮೇಲೆ ಕೆಲಸ ಮಾಡುವವರ ಪ್ರಾಣರಕ್ಷಣೆಗೆ ಈ ಏರ್ಪಾಡು. ಬಿಸಿಲಿದ್ದೂ ಫ್ಯಾನ್ ತಿರುಗಲಿಲ್ಲವೆಂದು ಆಮೇಲೆ ಬೇಸರಪಡಬೇಡಿ. ಬ್ಯಾಟರಿ ಬೇಕೆ ಬೇಡವೆ ಎಂದು ಮೊದಲೇ ತೀರ್ಮಾನಿಸಿ.

ಪ್ಯಾನೆಲ್ ಒಮ್ಮೆ ಕೂರಿಸಿದರೆ 25 ವರ್ಷದ ಮಾತು. ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ ನೋಡಿ ಕೊಳ್ಳುವವರು ನಾವು. ಮುಂಗಡ ಕೊಡುವ ಮೊದಲು ಅಳತೆ ಟೇಪು ಹಿಡಿದು ಒಮ್ಮೆ ತಾರಸಿ ಹತ್ತಿ.