ಮೀಟರ್ ಮೇಲೆ ಒಂದೂವರೆ ಹೊಗಳಿಕೆ!

ಬೆಳಗಿನ ಹೊತ್ತು ಯಶವಂತಪುರ ರೈಲು ನಿಲ್ದಾಣದ ಹೊರಗೆ ಗಂಟುಮೂಟೆ ಹಿಡಿದು ನಿಂತ ಯಾವ ಪ್ರಯಾಣಿಕನಿಗೂ ಈ ಮಾತುಕತೆ ಹೊಸದಲ್ಲ.

"ಆರ್.ಟಿ. ನಗರ ಬರ್ತೀರಾ?"

"ಬರ್ತೀನಿ ಸಾರ್. ಮೀಟರ್ ಮೇಲೆ ಒನ್ ಅಂಡ್ ಹಾಫ್ ಕೊಡಿ."

"ಗಂಟೆ ಆರಾಯ್ತಲ್ರೀ?"

"ಆ ಕಡೆಯಿಂದ ಖಾಲಿ ಬರ್ಬೇಕಲ್ಲ ಸಾರ್..."

ಒಂದೂವರೆ ಪಟ್ಟು ಕೇಳುವ ಹಕ್ಕಿರುವುದು ರಾತ್ರಿ ಹತ್ತರಿಂದ ಬೆಳಗಿನ ಜಾವ ಐದರವರೆಗೆ ಮಾತ್ರ. ಇದು ಕೇಳುವವನಿಗೂ ಗೊತ್ತು, ಕೊಡುವವನಿಗೂ ಗೊತ್ತು. ಆದರೂ ಜಗಳ ನಿಂತಿಲ್ಲ. ಈ ಜಗಳದ ಮೇಲೆ ಅರ್ಜಿ ಬರೆದವರುಂಟು, ಪೊಲೀಸರಿಗೆ ದೂರು ಕೊಟ್ಟವರುಂಟು. ಹಾಡು ಕಟ್ಟಿದವರು ಮಾತ್ರ ಒಂದೇ ತಂಡದವರು ಇರಬೇಕು!

ಆ ತಂಡದ ಹೆಸರು ಥರ್ಮಲ್ ಅಂಡ್ ಎ ಕ್ವಾರ್ಟರ್. ಹೆಸರು ಕೇಳಿ ವಿದ್ಯುತ್ ಸ್ಥಾವರದ ನೌಕರರ ಸಂಘ ಅಂದುಕೊಳ್ಳಬೇಡಿ. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ ರಾಕ್ ಬ್ಯಾಂಡ್ ಅದು. ಮೂವರು ಪೂರ್ತಿ ಮಲಯಾಳಿಗಳು, ಇನ್ನೊಬ್ಬ ಕಾಲು ಪಾಲು ಮಲಯಾಳಿ. ಮೂರೂಕಾಲು ಮಲಯಾಳಿ ಎಂಬ ತಮಾಷೆಯೇ ತಿರುಗಿ ಥರ್ಮಲ್ ಅಂಡ್ ಎ ಕ್ವಾರ್ಟರ್ ಆಯಿತು. 2012ರಲ್ಲಿ ಈ ತಂಡ 'ತ್ರೀ ವ್ಹೀಲ್ಸ್ ನೈನ್ ಲೈವ್ಸ್' ಎಂಬ ಆಲ್ಬಂ ತಂದಿತು. ಒಂದಲ್ಲ, ಎರಡಲ್ಲ, ಮೂರು ಸಿ.ಡಿ.; ಒಟ್ಟು 28 ಹಾಡು. ಅದರಲ್ಲೊಂದು 'ಮೀಟರ್ ಮೇಲೆ ಒನ್ ಅಂಡ್ ಎ ಹಾಫ್'.

ಮೂರು ಚಕ್ರ ಅಂದರೆ ಯಾವುದು ಎಂದು ಬಿಡಿಸಿ ಹೇಳಬೇಕಿಲ್ಲ. ಬೆಕ್ಕಿಗೆ ಒಂಬತ್ತು ಜೀವ ಎಂಬುದು ಇಂಗ್ಲಿಷರ ಗಾದೆ. ಹೆಬ್ಬಾಳದ ಮೇಲುಸೇತುವೆಯ ಬುಡದಲ್ಲಿ ಎರಡು ಬಸ್ಸಿನ ನಡುವೆ ನುಗ್ಗುವ ಆಟೋದಲ್ಲಿ ಕೂತವನಿಗೆ ಆ ಒಂಬತ್ತೂ ಸಾಲದು, ಅದು ಬೇರೆ ಮಾತು.

ಹೊಗಳಬೇಕಾದ್ದು ಯಾಕೆ?

ಇಂಗ್ಲಿಷ್ ಪತ್ರಿಕೆಗಳವರು ಈ ಆಲ್ಬಂ ಮೆಚ್ಚಿ ಬರೆದರು. ಬರೆಯಲಿ, ತಪ್ಪೇನಿಲ್ಲ. ಬ್ರೂಸ್ ಲೀ ಮಣಿ ಅವರ ಗಿಟಾರ್ ಮತ್ತು ಕಂಠ, ರಾಜೀವ್ ರಾಜಗೋಪಾಲ್ ಅವರ ಡ್ರಮ್ಸ್, ಪ್ರಕಾಶ್ ಕೆ.ಎನ್. ಅವರ ಬೇಸ್ ಗಿಟಾರ್ — ಮೂವರೇ ಸೇರಿ ಮೂವತ್ತು ಜನರ ಸದ್ದು ಎಬ್ಬಿಸುತ್ತಾರೆ. ರಾಕ್ ಇದೆ, ಜಾಝ್ ಇದೆ. ತಾಳ ಮಾತ್ರ ಪೀಣ್ಯ ಬಸ್ಸಿನ ಹಾಗೆ. ನಿಲ್ಲುತ್ತೆ ಅಂದುಕೊಂಡ ಕಡೆ ನಿಲ್ಲಲ್ಲ, ನಿಲ್ಲಲ್ಲ ಅಂದುಕೊಂಡ ಕಡೆ ಗಕ್ಕನೆ ನಿಲ್ಲುತ್ತೆ.

ಆದರೆ ಹೊಗಳಬೇಕಾದ್ದು ಕೈಚಳಕವನ್ನಲ್ಲ. ಬೆಂಗಳೂರಿನ ಇಂಗ್ಲಿಷ್ ಬ್ಯಾಂಡುಗಳು ಬಹುಕಾಲ ಲಂಡನ್, ಅಮೆರಿಕಾದವರ ಹಾಡನ್ನೇ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿಕೊಂಡವು. ಕಾಣದ ಊರಿನ ಮಳೆಗೆ ಇಲ್ಲಿ ಕೊಡೆ ಹಿಡಿದಂತೆ! ಈ ತಂಡ ತನ್ನದನ್ನು 'ಬೆಂಗಳೂರು ರಾಕ್' ಎಂದು ಕರೆದುಕೊಂಡಿತು. ಕರೆದುಕೊಂಡು ಸುಮ್ಮನಾಗದೆ ಬೀದಿಯ ಮಾತನ್ನೇ ಹೆಕ್ಕಿ ಹಾಡಿನ ತಲೆಗೆ ಇಟ್ಟಿತು. ಆ ಶೀರ್ಷಿಕೆಯನ್ನೇ ನೋಡಿ. 'ಮೀಟರ್' ಇಂಗ್ಲಿಷು, 'ಒನ್ ಅಂಡ್ ಎ ಹಾಫ್' ಇಂಗ್ಲಿಷು. ನಡುವೆ 'ಮೇಲೆ' ಎಂಬ ಒಂದೇ ಕನ್ನಡ ಪದ. ಅದನ್ನು ಕಿತ್ತರೆ ಮಾತೇ ನಿಲ್ಲುವುದಿಲ್ಲ. ಆಟೋದವರು ಮಾತಾಡುವುದೂ ಹೀಗೇ, ಕಿರಾಣಿ ಅಂಗಡಿಯವರು ಲೆಕ್ಕ ಹೇಳುವುದೂ ಹೀಗೇ. ಇದನ್ನು ಕೇಳಿಸಿಕೊಳ್ಳಲು ಕಿವಿ ಬೇಕು. ಆ ಕಿವಿ ಇವರಿಗಿದೆ.

ತಕರಾರು ಎಲ್ಲಿ?

ಇದೆ. ಮೊದಲನೆಯದು ತೂಕದ ತಕರಾರು. 28 ಹಾಡು ಸ್ವಲ್ಪ ಜಾಸ್ತಿಯೇ ಆಯಿತು. ಒಂದೇ ಸಿ.ಡಿ.ಗೆ ಇಳಿಸಿದ್ದರೆ ಕೇಳುವವರಿಗೂ ಸಲೀಸು, ಮಾರುವವರಿಗೂ ಸಲೀಸು.

ಎರಡನೆಯದು ದೊಡ್ಡದು. ಆಟೋ ಚಾಲಕನ ಮಾತಿನ ಮೇಲೆ ಕಟ್ಟಿದ ಹಾಡನ್ನು ಆಟೋ ಚಾಲಕ ಕೇಳಿದ್ದಾನೆಯೇ? ಅವನ ಗಾಡಿಯ ಹಿಂದೆ ಇವತ್ತಿಗೂ ಶಂಕರ್ ನಾಗ್ ಚಿತ್ರವಿದೆ. 'ಆಟೋ ರಾಜ' ಬಂದದ್ದು 1980ರಲ್ಲಿ. ನಾಲ್ಕು ದಶಕ ಕಳೆದರೂ ಆ ಖಾಕಿ ಅಂಗಿಯ ಗೌರವ ಮಾಸಿಲ್ಲ. ಯಾಕೆಂದರೆ ಅದು ಅವನನ್ನು ಕುರಿತದ್ದು ಮಾತ್ರವಲ್ಲ, ಅವನಿಗೆ ಹೇಳಿದ್ದು. ಈ ಆಲ್ಬಂ ಅವನನ್ನು ಕುರಿತದ್ದು. ಹೇಳಿದ್ದು ಮಾತ್ರ ಹಿಂದಿನ ಸೀಟಿನಲ್ಲಿ ಕೂತ ಇಂಗ್ಲಿಷ್ ಬಲ್ಲವರಿಗೆ. ಕನ್ನಡ ಶೀರ್ಷಿಕೆಯ ತನಕ ಬಂತು, ಒಳಗೆ ಬರಲಿಲ್ಲ.

ಕನ್ನಡದಲ್ಲಿ ಹಾಡಿದರೆ ಕೇಳೋರ್ಯಾರು ಎಂಬ ನೆಪ ನಡೆಯಲ್ಲ. ಮೇಖ್ರಿ ಸರ್ಕಲ್ ಪಕ್ಕದ ಅರಮನೆ ಮೈದಾನವನ್ನೇ ಕೇಳಿ. ಅಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದರು, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಅದೇ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ 'ಕನ್ನಡವೇ ಸತ್ಯ' ನಡೆಸಿದಾಗ ಜನ ಸಾಗರವೇ ಹರಿದು ಬಂತು. ಗಿಟಾರಿಗೂ ಕನ್ನಡ ಒಗ್ಗುತ್ತೆ. 2008ರಲ್ಲಿ ರಘು ದೀಕ್ಷಿತ್ ತಂಡ ಶಿಶುನಾಳ ಶರೀಫರ ಪದ ಹಿಡಿದು ಆಲ್ಬಂ ತಂದು ಇಂಗ್ಲೆಂಡ್ ತನಕ ಹೋಯಿತು. 2009ರಲ್ಲಿ ಸ್ವರಾತ್ಮ ತಂಡ ತನ್ನ ಮೊದಲ ಆಲ್ಬಂನಲ್ಲಿ 'ಈ ಭೂಮಿ' ಎಂದು ಕನ್ನಡದಲ್ಲೇ ಹಾಡಿತು.

ಹಾಗಂತ ತಪ್ಪೆಲ್ಲ ಬ್ಯಾಂಡಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸ್ವಂತ ಹಾಡು ಹಾಡುವವರಿಗೆ ಇಲ್ಲಿ ವೇದಿಕೆ ಎಲ್ಲಿದೆ? ಕ್ಯಾಸೆಟ್ ಅಂಗಡಿಗಳು ಮೊಬೈಲ್ ಅಂಗಡಿಗಳಾದವು. ಉಳಿದದ್ದು ಪಬ್ಬು, ಕಂಪನಿ ಪಾರ್ಟಿ. ಥರ್ಮಲ್ ತಂಡದವರು ಟಾಕಾಡೆಮಿ ಎಂಬ ಸಂಗೀತ ಶಾಲೆಯನ್ನೂ ತೆರೆದರು. ಇತ್ತ ಯಲಹಂಕ, ಆರ್.ಟಿ. ನಗರದ ಗಣೇಶನ ಪೆಂಡಾಲುಗಳಲ್ಲಿ ವರ್ಷವೂ ಆರ್ಕೆಸ್ಟ್ರಾ. ವರ್ಷವೂ ಅದೇ ಸಿನಿಮಾ ಹಾಡು. ಚಂದಾ ಕೊಡುವವರು ಅಂಗಡಿಯವರು. ಒಂದು ಸಂಜೆ ಅರ್ಧ ಗಂಟೆ ಇಂಥ ತಂಡಕ್ಕೆ ಬಿಟ್ಟುಕೊಡಿ ಎಂದು ಅವರೇ ಪಟ್ಟು ಹಿಡಿದರೆ ಸಮಿತಿಯವರು ಬೇಡ ಅಂತಾರೆಯೇ? ಜನರ ಮುಂದೆ ನಿಂತರೆ ಜನರ ಭಾಷೆ ತಾನಾಗಿ ಬಾಯಿಗೆ ಬರುತ್ತದೆ.

ಹಾಡು ಹಳೆಯದಾಯಿತು ಅನ್ನಬೇಡಿ. 2014ರಲ್ಲಿ ಯಶವಂತಪುರಕ್ಕೆ ಮೆಟ್ರೋ ಬಂತು. 2025ರ ಆಗಸ್ಟಿನಿಂದ ಆಟೋ ಕನಿಷ್ಠ ದರ 36 ರೂಪಾಯಿ ಆಯಿತು. ದರ ಈಗ ಫೋನಿನಲ್ಲೇ ಕಾಣುತ್ತೆ, ಅದರ ಮೇಲೆ ಇನ್ನಷ್ಟು ಹಾಕಿ ಎಂದು ಫೋನೇ ಕೇಳುತ್ತೆ. ಮೀಟರ್ ಹೋಯಿತು, 'ಮೇಲೆ' ಮಾತ್ರ ಉಳಿಯಿತು!

ಆದ್ದರಿಂದ ಈ ಆಲ್ಬಂಗೆ ಮೀಟರ್ ತೋರಿಸಿದಷ್ಟು ಹೊಗಳಿಕೆ ಪೈಸೆ ಬಿಡದೆ ಸಲ್ಲಬೇಕು. ಮೇಲಿನ ಅರ್ಧ? ಅದು ಯಶವಂತಪುರದ ಆಟೋ ಸ್ಟ್ಯಾಂಡಿನಲ್ಲಿ ಈ ಹಾಡನ್ನು ಕನ್ನಡದಲ್ಲಿ ಹಾಡಿ, ಚಾಲಕರು ನಕ್ಕ ದಿನ.